ಓದದೆ ಬಿಟ್ಟ ಹಳದಿ ಅಧ್ಯಾಯ

ಗ್ರಂಥಾಲಯದಲ್ಲಿ ಅವಳನ್ನು ಎಲ್ಲರೂ ಜರಡಿ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅವಳದು ಒಂದೇ ಕೆಲಸ. ಕಲೆ, ಇತಿಹಾಸ, ಕೋಶ, ಕೈಪಿಡಿ ಎಂದು ಬರುವ ದಪ್ಪನೆಯ ದುಬಾರಿ ಪುಸ್ತಕಗಳನ್ನು ಕೊಳ್ಳಬೇಕೋ ಬೇಡವೋ ಎಂದು ಹೇಳುವುದು. ಇಂಥ ಪುಸ್ತಕ ಕೇಳಿಕೊಂಡು ವರ್ಷಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಆದರೆ ಬಂದ ನಾಲ್ವರೂ ಅದರಲ್ಲಿದ್ದದ್ದನ್ನು ಕಣ್ಣುಮುಚ್ಚಿ ನಂಬುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಹೆದರಿಕೆಯೂ ಅದೇ.

ಮಾರಾಟಗಾರರು ಪುಸ್ತಕಗಳನ್ನು ತಂದು ಹತ್ತು ದಿನ ಅವಳ ಮೇಜಿನ ಮೇಲೆ ಬಿಟ್ಟುಹೋಗುತ್ತಿದ್ದರು. ಅಷ್ಟರೊಳಗೆ ಒಂದೊಂದಕ್ಕೂ ಒಂದು ಚೀಟಿ ಸಿಕ್ಕಿಸಬೇಕು: ಬೇಕು ಅಥವಾ ಬೇಡ, ಕೆಳಗೆ ಕಾರಣ, ಅದರ ಕೆಳಗೆ ಸಹಿ. ಅವಳು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿದ್ದಳು. ಕೊನೆಯ ಪದಸೂಚಿಯಿಂದ ಮೂರು ಪದ ಆರಿಸಿ, ಹೇಳಿದ ಪುಟದಲ್ಲಿ ಅವು ನಿಜವಾಗಿಯೂ ಇವೆಯೇ ಎಂದು ನೋಡುತ್ತಿದ್ದಳು. ಚಿತ್ರದ ಪುಸ್ತಕವಾದರೆ ಯುದ್ಧದ ಚಿತ್ರ ಹುಡುಕುತ್ತಿದ್ದಳು. ಯೋಧರೆಲ್ಲ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ ಚಿತ್ರವನ್ನು ತಿರುವುಮುರುವಾಗಿ ಅಚ್ಚು ಹಾಕಿದ್ದಾರೆ ಎಂದೇ ಲೆಕ್ಕ. ಇತಿಹಾಸದ ಪುಸ್ತಕವಾದರೆ ಅಡಿಟಿಪ್ಪಣಿ. ಲೇಖಕ ಹೆಜ್ಜೆಹೆಜ್ಜೆಗೂ ತನ್ನದೇ ಹಳೆಯ ಪುಸ್ತಕವನ್ನು ಸಾಕ್ಷಿ ಕರೆದಿದ್ದರೆ, "ಇವರು ತಮ್ಮ ಜಾಮೀನಿಗೆ ತಾವೇ ಸಹಿ ಹಾಕಿದ್ದಾರೆ" ಎಂದು ಬದಿಗಿಡುತ್ತಿದ್ದಳು. ಇಷ್ಟೆಲ್ಲ ಆದ ಮೇಲೆ ತನಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹುಡುಕಿ, ಆ ಅಧ್ಯಾಯವನ್ನು ಪೂರ್ತಿ ಓದುತ್ತಿದ್ದಳು.

ಅವಳ ಗಂಡ ದರ್ಜಿ. "ನಾನು ಹೊಲಿದ ಅಂಗಿ ಬಿಗಿಯಾದ್ರೆ ಬಿಚ್ಚಿ ಮತ್ತೆ ಹೊಲೀತೀನಿ. ನಿನ್ನ ಕೆಲಸದಲ್ಲಿ ಬಿಚ್ಚೋಕೆ ದಾರ ಎಲ್ಲಿದೆ ಹೇಳು" ಎಂದು ಅವನು ಒಮ್ಮೆ ತಮಾಷೆಗೆ ಅಂದಿದ್ದ. ಅವಳಿಗೆ ನಗು ಬರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಹಳೆಯ ಕಾಲದ ಚಿತ್ರಕಾರರು ಬಣ್ಣ ತಯಾರಿಸುತ್ತಿದ್ದ ಬಗೆಯನ್ನು ಹೇಳುವ ಪುಸ್ತಕ ಎರಡು ವರ್ಷದ ಹಿಂದೆ ಬಂದದ್ದು. ಬೇರೆ ಭಾಷೆಯಿಂದ ಅನುವಾದವಾಗಿತ್ತು. ಕಾಗದ ರೇಷ್ಮೆಯ ಹಾಗಿತ್ತು, ಚಿತ್ರಗಳನ್ನು ನೋಡಿದರೆ ಬೆರಳಿಗೆ ಬಣ್ಣ ಅಂಟೀತೇನೋ ಅನ್ನಿಸುತ್ತಿತ್ತು. ಅದೇ ವಾರ ಇನ್ನೂ ಹತ್ತೊಂಬತ್ತು ಪುಸ್ತಕ ಮೇಜಿನ ಮೇಲಿದ್ದವು. ಅವಳ ಅಪ್ಪ ಅಂಗಡಿಗಳ ನಾಮಫಲಕ ಬರೆಯುತ್ತಿದ್ದವರು. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ಕೆಂಪು ಅರೆದುಕೊಟ್ಟವಳು ಅವಳು. ಹಾಗಾಗಿ ಕೆಂಪಿನ ಅಧ್ಯಾಯವನ್ನು ಓದಿದಳು. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಒಂದಗುಳು ಹಿಚುಕಿ ನೋಡಿ ಅನ್ನ ಬೆಂದಿದೆ ಅನ್ನುವ ಹಾಗೆ, ಉಳಿದ ಬಣ್ಣಗಳೂ ಸರಿಯೇ ಎಂದುಕೊಂಡಳು. ಚೀಟಿಯಲ್ಲಿ ಬರೆದಳು: "ಬೇಕು. ಸ್ವತಃ ಬಣ್ಣ ಮಾಡಬಯಸುವವರಿಗೂ ಉಪಯುಕ್ತ."

ಅವಳ ಚೀಟಿಗೆ ಬೆಲೆಯಿತ್ತು. ಊರಿನ ಹನ್ನೊಂದು ಶಾಖಾ ಗ್ರಂಥಾಲಯಗಳೂ ಅದನ್ನು ನೋಡಿ ಒಂದೊಂದು ಪ್ರತಿ ಕೊಂಡವು.

ಈಗ ಒಂದು ಮಂಗಳವಾರ ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಅವಳು ಹೊಸದೊಂದು ಪುಸ್ತಕವನ್ನು ಪರೀಕ್ಷಿಸುತ್ತಿದ್ದಳು. ಹಳೆಯ ಚಿತ್ರಗಳನ್ನು ಕೆಡದಂತೆ ಕಾಪಾಡುವ ವಿದ್ಯೆ ಅದರ ವಿಷಯ. ಹರಿತಾಳ ಎಂಬ ಹಳದಿ ಕಲ್ಲಿನ ಪುಡಿಯ ಬಗ್ಗೆ ಅಲ್ಲಿ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: "ಇದನ್ನು ಎಂದಿಗೂ ಬೆಂಕಿಗೆ ಒಡ್ಡಬಾರದು. ಇದರೊಳಗೆ ಪಾಷಾಣವಿದೆ. ಇದರ ಹೊಗೆ ಪ್ರಾಣ ತೆಗೆಯುತ್ತದೆ."

ಅವಳು ಆ ಸಾಲನ್ನು ಎರಡು ಸಲ ಓದಿದಳು. ನಮ್ಮ ಬಣ್ಣದ ಪುಸ್ತಕ ಇದಕ್ಕೆ ಏನನ್ನುತ್ತದೆ ನೋಡೋಣ ಎಂದು ಎದ್ದು ಕಪಾಟಿಗೆ ಹೋದಳು. ಪುಸ್ತಕ ಇರಲಿಲ್ಲ. ಅದಿದ್ದ ಜಾಗದಲ್ಲಿ ಪಕ್ಕದ ಪುಸ್ತಕ ವಾಲಿಕೊಂಡಿತ್ತು.

ಹತ್ತಿರದ ಶಾಖೆಗೆ ಫೋನ್ ಮಾಡಿ, ಅಲ್ಲಿನ ಪ್ರತಿಯನ್ನು ತೆಗೆದು ಹಳದಿಯ ಅಧ್ಯಾಯ ಓದಲು ಹೇಳಿದಳು. ಆ ಕಡೆಯ ಗುಮಾಸ್ತೆ ಎಳೆದೆಳೆದು ಓದಿದಳು: "ಹರಿತಾಳವನ್ನು ನುಣ್ಣಗೆ ಅರೆದು, ಬಾಣಲೆಯಲ್ಲಿ, ಬಣ್ಣ ತಿರುಗುವವರೆಗೆ ಹುರಿಯಬೇಕು..."

"ಮುಂದೆ?"

"ಮುಂದೆ ಏನಿಲ್ಲ ಅಕ್ಕ."

"ಎಚ್ಚರಿಕೆ ಅಂತ ಏನಾದ್ರೂ ಇದೆಯಾ ನೋಡು. ಕೆಳಗೆ, ಸಣ್ಣ ಅಕ್ಷರದಲ್ಲಿ?"

"ಇಲ್ಲ ಅಕ್ಕ. ಮುಂದೆ ಹಸಿರು ಶುರುವಾಗುತ್ತೆ."

ಅವಳು ಫೋನ್ ಇಟ್ಟಳು. ತಮ್ಮ ಪ್ರತಿ ಯಾರ ಹತ್ತಿರ ಇದೆ ಎಂದು ಕಂಪ್ಯೂಟರಿನಲ್ಲಿ ನೋಡಿದಳು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಿಂದಿರುಗಿಸುವ ದಿನ ಕಳೆದು ಒಂಬತ್ತು ದಿನವಾಗಿತ್ತು. ಮೇಷ್ಟ್ರು ಯಾವ ಪುಸ್ತಕವನ್ನೂ ಎರಡು ದಿನ ಮೊದಲೇ ತಂದುಕೊಡುವ ಮನುಷ್ಯ. ಒಯ್ಯುವಾಗ ಅವರು ಅಂದದ್ದು ಅವಳಿಗೆ ಹಾಗೇ ನೆನಪಾಯಿತು: "ಓದಿದ್ದು ಸಾಕಮ್ಮ, ಈ ಸಲ ಮಾಡೇ ನೋಡ್ತೀನಿ. ಬಣ್ಣದಂಗಡಿ ಮುಚ್ಚುವಾಗ ಹಳೇ ಪೊಟ್ಟಣಗಳೆಲ್ಲ ನನಗೇ ಕೊಟ್ಟಿದ್ದಾರೆ."

ಅವರ ಮನೆಯ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮೂರನೆಯ ಸಲಕ್ಕೆ ಅವಳು ಚೀಲ ಎತ್ತಿಕೊಂಡಳು, ಹೊಸ ಪುಸ್ತಕವನ್ನು ಅದರೊಳಗೆ ತುರುಕಿಕೊಂಡು ಹೊರಟಳು.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಇದ್ದಳು. ಮೇಷ್ಟ್ರ ಮನೆ ಒಂದು ಕಿರುಬೀದಿಯ ಕೊನೆಯಲ್ಲಿ, ನೆಲಮಹಡಿ. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದವಳು ತಿರುಗಿ ನೋಡಿದಳು.

"ಮೇಷ್ಟ್ರಾ? ಆಸ್ಪತ್ರೆಗೆ ಸೇರಿಸಿ ಮೂರು ದಿನ ಆಯ್ತಲ್ಲ. ಅದಕ್ಕೂ ಮೊದಲೇ ಒಂದು ವಾರದಿಂದ ಹುಷಾರಿರ್ಲಿಲ್ಲ, ಆಮೇಲೆ ವಾಂತಿ ನಿಲ್ತಾನೇ ಇರ್ಲಿಲ್ಲ. ಏನೋ ಕೆಟ್ಟಿದ್ದು ತಿಂದಿರ್ಬೇಕು ಅಂದ್ರು ಡಾಕ್ಟ್ರು. ಒಂಟಿ ಜೀವ ನೋಡಿ, ಹಳಸಿದ್ದೋ ಏನೋ..."

ಜರಡಿ ಅಕ್ಕ ಮನೆಯ ಪಕ್ಕದ ಓಣಿಗೆ ಹೋಗಿ ಅಡುಗೆಮನೆಯ ಕಿಟಕಿಗೆ ಮುಖ ಒತ್ತಿದಳು. ಕಿಟಕಿ ಮುಚ್ಚಿತ್ತು. ಗಾಜಿನಾಚೆ ಒಲೆಯ ಮೇಲೆ ಬಾಣಲೆ. ಬಾಣಲೆಯ ಅಂಚಿಗೂ ಅದರ ಹಿಂದಿನ ಗೋಡೆಗೂ ಹಳದಿ ಮಿಶ್ರಿತ ಬಿಳಿಪುಡಿ ತೆಳ್ಳಗೆ ಕೂತಿತ್ತು. ಪಕ್ಕದಲ್ಲಿ, ಪುಟ ಮಗುಚದಿರಲೆಂದು ಮೇಲೊಂದು ಲೋಟ ಇಟ್ಟು, ತೆರೆದಿಟ್ಟ ಪುಸ್ತಕ. ಅವಳು ವಾಪಸ್ಸು ಬಂದು ನೆರೆಯಾಕೆಗೆ ಹೇಳಿದಳು, "ಯಾರನ್ನೂ ಒಳಗೆ ಬಿಡಬೇಡಿ. ಪಾತ್ರೆ ತೊಳೀತೀನಿ ಅಂತ ನೀವೂ ಹೋಗಬೇಡಿ. ಒಲೆ ಮೇಲಿರೋದು ವಿಷ."

ಆಸ್ಪತ್ರೆಯ ಮೊದಲ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಅವಳು ಕೂತುಬಿಟ್ಟಳು. ಒಂದು ಯೋಚನೆ ಬಂತು, ಬಂದದ್ದು ಹೋಗಲೇ ಇಲ್ಲ: ಈಗ ತಿರುಗಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ವಯಸ್ಸಾದವರು, ಏನೋ ತಿಂದರು, ಹೊಟ್ಟೆ ಕೆಟ್ಟಿತು. ಪುಸ್ತಕವನ್ನು ಯಾರು ತೆರೆದು ನೋಡುತ್ತಾರೆ? ಆ ಚೀಟಿಯನ್ನು ಯಾರು ಹುಡುಕುತ್ತಾರೆ? ಜನ ಅವಳನ್ನು ಸುತ್ತುಹಾಕಿಕೊಂಡು ಹತ್ತಿ ಇಳಿದು ಮಾಡುತ್ತಿದ್ದರು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಅವಳಿಗೇ ತಿಳಿಯದು. ಆಯಾ ಒಬ್ಬಳು ಬಂದು, "ಅಮ್ಮ, ನೆಲ ಒರೆಸ್ಬೇಕು, ಏಳಿ" ಅಂದಳು. ಅವಳು ಎದ್ದಳು, ಎದ್ದವಳು ಮೇಲಕ್ಕೇ ಹತ್ತಿದಳು.

ಮೇಷ್ಟ್ರು ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಅವರ ಮಗಳು ಕೂತಿದ್ದಳು, ಮೂರು ದಿನದಿಂದ ತಲೆ ಬಾಚದವಳ ಹಾಗೆ.

"ನಾನು ಗ್ರಂಥಾಲಯದಿಂದ ಬಂದಿದ್ದೀನಿ. ನಿಮ್ಮ ತಂದೆ ಮನೇಲಿ ಬಣ್ಣ ಹುರಿದ್ರಾ?"

"ಅಪ್ಪನ ಹುಚ್ಚು ಇದ್ದದ್ದೇ. ಪುಡಿ ಹಾರಿಹೋಗುತ್ತೆ ಅಂತ ಕಿಟಕಿ ಮುಚ್ಕೊಂಡು ಏನೋ ಮಾಡ್ತಿದ್ದೀನಿ ಅಂತ ಫೋನಲ್ಲಿ ಹೇಳಿದ್ರು. ಯಾಕೆ?"

ಜರಡಿ ಅಕ್ಕ ಹೊಸ ಪುಸ್ತಕ ತೆರೆದು ಆ ಸಾಲನ್ನು ತೋರಿಸಿದಳು. ಮಗಳು ಓದಿದಳು. ತಲೆ ಎತ್ತಿದಳು.

"ಮತ್ತೆ ಅಪ್ಪ ತಂದ ಪುಸ್ತಕದಲ್ಲಿ ಇದಿರ್ಲಿಲ್ವಾ?"

"ಇರ್ಲಿಲ್ಲ."

"ಅಂಥಾ ಪುಸ್ತಕಾನ ಯಾವ ಪುಣ್ಯಾತ್ಮ ತರಿಸಿದ್ದು?"

"ನಾನೇ" ಅಂದಳು. "ಅದನ್ನ ಕೊಳ್ಳಿ ಅಂತ ಬರೆದವಳು ನಾನೇ. ಈಗ ಡಾಕ್ಟ್ರನ್ನ ಕರೀರಿ, ಆಮೇಲೆ ನನಗೆ ಏನು ಬೇಕಾದ್ರೂ ಅನ್ನಿ."

ವೈದ್ಯೆ ವಯಸ್ಸಿನಲ್ಲಿ ಚಿಕ್ಕವಳು. ಪುಟವನ್ನು ನಿಂತಲ್ಲೇ ಓದಿದಳು, ಮೇಷ್ಟ್ರ ಅಂಗೈ ಅಂಗಾಲು ಮುಟ್ಟಿ ನೋಡಿದಳು, ನರ್ಸನ್ನು ಕೂಗಿದಳು. ಮೂತ್ರ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರಲು ಎರಡು ದಿನ ಬೇಕು, ಅಲ್ಲಿಯವರೆಗೆ ಕಾಯುವಂತಿಲ್ಲ ಎಂದು ವಿಷವನ್ನು ಹೊರಹಾಕುವ ಚುಚ್ಚುಮದ್ದನ್ನು ಆ ಸಂಜೆಯೇ ಶುರುಮಾಡಿದರು.

ಆ ಎರಡು ದಿನ ಅವಳು ಅವಳಾಗಿರಲಿಲ್ಲ. ಗಂಡನ ಹೊಲಿಗೆಯಂತ್ರದ ಸದ್ದಿಗೂ ಬೆಚ್ಚುತ್ತಿದ್ದಳು. ಮನೆಯ ಗಂಟೆ ಬಾರಿಸಿದರೆ ಪೊಲೀಸರು ಅನ್ನಿಸುತ್ತಿತ್ತು, ಫೋನ್ ಬಂದರೆ ಸಾವಿನ ಸುದ್ದಿ ಅನ್ನಿಸುತ್ತಿತ್ತು. ಗಂಡ ಸುಮ್ಮನೆ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ. ಅತ್ತೆ ಮಾತ್ರ ಅಂದರು, "ತಪ್ಪು ಮಾಡಿದ್ದೀಯ, ಮುಚ್ಚಿಡ್ಲಿಲ್ಲ. ಒಂದು ತುತ್ತು ತಿನ್ನು ಮಗಳೇ. ನೀನು ಉಪವಾಸ ಬಿದ್ರೆ ಆ ಮನುಷ್ಯನಿಗೆ ಏನು ಬಂತು?"

ಮೂರನೆಯ ದಿನ ವೈದ್ಯೆಯೇ ಫೋನ್ ಮಾಡಿದಳು. ಪಾಷಾಣವೇ. "ನೀವು ಬರದೆ ಇದ್ದಿದ್ರೆ ನಾವಿನ್ನೂ ಹೊಟ್ಟೇನೇ ನೋಡ್ತಾ ಕೂತಿರ್ತಿದ್ವಿ. ಬದುಕ್ತಾರೆ ಅನ್ಸುತ್ತೆ. ಆದ್ರೆ ನರಗಳಿಗೆ ಏಟು ಬಿದ್ದಿದೆ. ಕೈಬೆರಳು ಎಷ್ಟರಮಟ್ಟಿಗೆ ಸರಿಹೋಗುತ್ತೆ ಈಗಲೇ ಹೇಳಕ್ಕಾಗಲ್ಲ."

ಅವಳು ನೇರ ಗ್ರಂಥಾಲಯದ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮುದ್ರಿಸಿದವರ ತಪ್ಪು, ಅನುವಾದ ಮಾಡಿದವರ ತಪ್ಪು. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ? ಪುಸ್ತಕಾನ ಸದ್ದಿಲ್ಲದೆ ತೆಗೆದುಬಿಡೋಣ. ಊರಿಗೆಲ್ಲ ಡಂಗುರ ಹೊಡೆಯೋದು ಬೇಡ."

"ಸರ್, ಇನ್ನೂ ಹನ್ನೊಂದು ಪ್ರತಿ ಇವೆ. ಹನ್ನೊಂದು ಮನೆಗಳಲ್ಲಿ ಒಲೆ ಇದೆ."

ಅವರು ಕನ್ನಡಕ ಹಾಕಿಕೊಂಡು ಕಡತವೊಂದನ್ನು ಎಳೆದುಕೊಂಡರು. ಬೇಡ ಎನ್ನಲಿಲ್ಲ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಬಂದು ಫೋನ್ ಹಿಡಿದಳು. ಮಧ್ಯಾಹ್ನದೊಳಗೆ ಎಂಟು ಶಾಖೆಗಳು ಕಪಾಟಿನಿಂದ ಪುಸ್ತಕ ತೆಗೆದವು. ಎರಡು ಪ್ರತಿಗಳು ಓದುಗರ ಮನೆಯಲ್ಲಿದ್ದವು, ತಾನೇ ಹೋಗಿ ತಂದಳು. ಒಬ್ಬರು ಪುಸ್ತಕದ ಹೊದಿಕೆಯನ್ನೂ ತೆರೆದಿರಲಿಲ್ಲ. ಇನ್ನೊಬ್ಬರು ಚಿತ್ರ ನೋಡಲು ಒಯ್ದಿದ್ದರಷ್ಟೇ.

ಹನ್ನೊಂದನೆಯ ಶಾಖೆಯ ಪ್ರತಿಯನ್ನು ಒಯ್ದವಳು ಹಿಂದಿರುಗಿಸಿರಲಿಲ್ಲ. ನಾಲ್ಕು ತಿಂಗಳಾಗಿತ್ತು. ಫೋನ್ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಸದಸ್ಯತ್ವದ ಅರ್ಜಿಯಲ್ಲಿ ಉದ್ಯೋಗದ ಮುಂದೆ, "ಮಕ್ಕಳಿಗೆ ಚಿತ್ರಕಲೆ ಪಾಠ" ಎಂದಿತ್ತು.

ಆ ವಿಳಾಸದಲ್ಲಿ ಈಗ ಬೇರೆ ಬಾಡಿಗೆಯವರಿದ್ದರು. ಹಿಂದಿದ್ದವರು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಮುಂದಿನ ಕೋಣೆಯ ಗೋಡೆಗೆ ಇನ್ನೂ ಸುಣ್ಣ ಹೊಡೆಸಿರಲಿಲ್ಲ. ಅದರ ಕೆಳಭಾಗದಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಮನೆ, ಮರ, ನಾಯಿ, ಹಳದಿ ಸೂರ್ಯ. ಜರಡಿ ಅಕ್ಕ ನೆಲದ ಮೇಲೆ ಕೂತು ಆ ಸೂರ್ಯನನ್ನು ಉಗುರಿನಿಂದ ಕೆರೆದಳು. ಮೇಣ ಬಂತು. ಬರೀ ಮೇಣದ ಬಳಪ. ಉಸಿರು ಬಿಟ್ಟಳು. ಮನೆಯವರು ಇವಳಿಗೆ ತಲೆ ಸರಿಯಿಲ್ಲವೇನೋ ಎಂಬಂತೆ ಮುಖಮುಖ ನೋಡಿಕೊಂಡರು.

ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂದು ಅವಳು ಹಟ ಹಿಡಿದಳು. ಮುಖ್ಯಸ್ಥರು ಒಂದು ವಾರ ಮೀನಮೇಷ ಎಣಿಸಿ ಕೊನೆಗೆ ಸಹಿ ಹಾಕಿದರು. ಪ್ರಕಟಣೆ ನೋಡಿ ಐದು ಜನ ಫೋನ್ ಮಾಡಿದರು. ಹುಡುಕುತ್ತಿದ್ದವಳು ಅವರಲ್ಲಿ ಇರಲಿಲ್ಲ.

ಮೇಷ್ಟ್ರು ಎರಡೂವರೆ ತಿಂಗಳ ನಂತರ ಗ್ರಂಥಾಲಯಕ್ಕೆ ಬಂದರು. ಮಗಳು ತೋಳು ಹಿಡಿದುಕೊಂಡಿದ್ದಳು. ಅವಳು ಜರಡಿ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ, ಬಾಗಿಲ ಹತ್ತಿರವೇ ನಿಂತಳು. ಮೇಷ್ಟ್ರು ಮೇಜಿನೆದುರು ಕೂತರು. ಬೆರಳ ತುದಿಗೆ ಸ್ಪರ್ಶ ಬಂದಿರಲಿಲ್ಲ. ಮುಂದಿದ್ದ ಪುಸ್ತಕದ ಪುಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಮಗುಚಿದರು.

"ಕುಂಚ ಹಿಡಿದ್ರೆ ಹಿಡಿದಿದ್ದೀನೋ ಇಲ್ವೋ ಕಣ್ಣಿಂದ ನೋಡ್ಬೇಕಮ್ಮ" ಅಂದರು. "ಇನ್ನಾರು ತಿಂಗಳು ಕಾಯಿರಿ ಅಂತಾರೆ."

ಕ್ಷಮಿಸಿ ಎಂಬ ಮಾತು ಅವಳ ಬಾಯಿಗೆ ಬಂದು, ತೀರಾ ಚಿಕ್ಕದಾಯಿತು ಎಂದು ಅಲ್ಲೇ ಉಳಿಯಿತು.

"ಕಿಟಕಿ ಮುಚ್ಚು ಅಂತ ಪುಸ್ತಕ ಹೇಳಿರ್ಲಿಲ್ಲ. ಅದು ನನ್ನ ಬುದ್ಧಿವಂತಿಕೆ" ಎಂದು ಮೇಷ್ಟ್ರು ನಕ್ಕರು. ಅವಳಿಗೆ ಅಳು ಬಂತು.

ಈಗ ಅವಳು ತನಗೆ ಗೊತ್ತಿಲ್ಲದ ಅಧ್ಯಾಯಗಳನ್ನೇ ಮೊದಲು ಓದುತ್ತಾಳೆ. ಅರ್ಥವಾಗದಿದ್ದರೆ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾಳೆ. ಮೊನ್ನೆ ಬಣ್ಣದ ಗಾಜು ಮಾಡುವ ಬಗೆ ಹೇಳುವ ಪುಸ್ತಕವೊಂದನ್ನು ಹಿಡಿದುಕೊಂಡು ಗಾಜಿನ ಕಾರ್ಖಾನೆಯ ಬಾಗಿಲಲ್ಲಿ ಅರ್ಧ ದಿನ ನಿಂತಿದ್ದಳಂತೆ. ಹತ್ತು ದಿನ ಸಾಲುತ್ತಿಲ್ಲ, ಮೇಜಿನ ಮೇಲೆ ಪುಸ್ತಕಗಳು ರಾಶಿ ಬೀಳುತ್ತಿವೆ, ಮಾರಾಟಗಾರರು ಗೊಣಗುತ್ತಾರೆ. ತಿಂಗಳ ಮೊದಲ ಸೋಮವಾರ ಹನ್ನೊಂದನೆಯ ಶಾಖೆಗೆ ಫೋನ್ ಮಾಡುತ್ತಾಳೆ. ಆ ಕಡೆಯವರಿಗೆ ಅವಳ ದನಿಯ ಗುರುತಾಗಿದೆ, ಕೇಳುವ ಮೊದಲೇ ಹೇಳಿಬಿಡುತ್ತಾರೆ.

"ಬಂದಿಲ್ಲ ಅಕ್ಕ."