ಸುರುಳಿ ದಾರಿಯಲ್ಲಿ ಅಕ್ಕ ಒಬ್ಬಳೇ

ನಾನು ಚಿಕ್ಕವನಿದ್ದಾಗ ಒಂದು ದಿನ, ಸ್ವಂತ ಅಕ್ಕನನ್ನು ನನ್ನ ಅಕ್ಕ ಅಲ್ಲ ಅಂದುಬಿಟ್ಟೆ. ಮೊಮ್ಮಕ್ಕಳೇ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಚೆನ್ನಾಗಿ ಬರೆಯಲು ಬರುವುದಿಲ್ಲ. ಆದರೂ ಇದನ್ನು ನಿಮಗೆ ಹೇಳಲೇಬೇಕು.

ಗುಡ್ ಫ್ರೈಡೇ ಹತ್ತಿರ ಬಂದಾಗ ಚಾಮರಾಜಪೇಟೆಯ ನಮ್ಮ ಚರ್ಚಿನ ಅಂಗಳದಲ್ಲಿ ಪಾದ್ರಿ ಅಯ್ಯನವರು ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಸುರುಳಿ ದಾರಿ ಬರೆಸುತ್ತಿದ್ದರು. ಇರುವುದು ಒಂದೇ ದಾರಿ, ಸುತ್ತಿ ಸುತ್ತಿ ನಡುವಿಗೆ ಹೋಗುತ್ತದೆ. ಬರಿಗಾಲಲ್ಲಿ, ಮಾತಿಲ್ಲದೆ, ಯೇಸುವನ್ನು ನೆನೆಯುತ್ತ ನಡೆಯಬೇಕು. ನಡುವೆ ಮಂಡಿಯೂರಿ ಪ್ರಾರ್ಥಿಸಿ, ಬಂದ ದಾರಿಯಲ್ಲೇ ತಿರುಗಿ ಬರಬೇಕು.

ಅಕ್ಕನ ಬಲಗಾಲು ಪೋಲಿಯೋದಿಂದ ಸೊರಗಿತ್ತು. ಮಂಡಿಯೂರಿದರೆ ಯಾರಾದರೂ ಕೈಹಿಡಿದು ಎಬ್ಬಿಸಬೇಕಿತ್ತು. ಅವಳ ಹಿಂದೆಯೇ ಇರು ಎಂದು ಅಪ್ಪ ನನಗೆ ಹೇಳಿ ಕೆಲಸಕ್ಕೆ ಹೋಗಿದ್ದರು.

ಅಂಗಳದ ಮಣ್ಣು ಕಾದಿತ್ತು. ಹೊಂಗೆ ಹೂವಿನ ವಾಸನೆ ಬರುತ್ತಿತ್ತು. ಅಕ್ಕ ಹೊರಟಳು. ನಾನು ಇನ್ನೂ ಅಂಚಿನಲ್ಲೇ ನಿಂತಿದ್ದೆ. ಅವಳ ಕಾಲು ಎಳೆದಲ್ಲೆಲ್ಲ ಸುಣ್ಣದ ಗೆರೆ ಅಳಿಸುತ್ತ ಹೋಯಿತು. ಬೇರೆ ಚರ್ಚಿನಿಂದ ಬಂದಿದ್ದ ಹುಡುಗರು ನನ್ನ ಪಕ್ಕದಲ್ಲೇ ನಿಂತು ನಗತೊಡಗಿದರು.

"ಕಸ ಗುಡಿಸ್ತಾ ಹೋಗ್ತಿದಾಳೆ ನೋಡೋ. ನಿಮ್ಮಕ್ಕನಾ ಅವಳು?"

"ಅಲ್ಲಪ್ಪ. ಯಾರೋ, ಗೊತ್ತಿಲ್ಲ" ಅಂದೆ.

ಆ ದಾರಿಯ ಗುಣವೇ ಹಾಗೆ. ದೂರ ಹೋದವರನ್ನು ಮತ್ತೆ ಅಂಚಿಗೆ ತಂದು ನಿಲ್ಲಿಸುತ್ತದೆ. ನಾನು ಹಾಗಂದಾಗ ಅಕ್ಕ ಒಂದು ಸುತ್ತು ಮುಗಿಸಿ ಎರಡು ಮೊಳ ದೂರದಲ್ಲೇ ಇದ್ದಳು. ತಲೆ ಎತ್ತಲಿಲ್ಲ. ನಡೆಯುತ್ತಲೇ ಹೋದಳು.

ನಡುವೆ ಮಂಡಿಯೂರಿದವಳು ನನ್ನನ್ನು ಕರೆಯಲಿಲ್ಲ. ಎರಡು ಅಂಗೈಯನ್ನೂ ನೆಲಕ್ಕೆ ಊರಿ ಏಳಲು ನೋಡಿದಳು, ಬಿದ್ದಳು. ಮತ್ತೆ ಬಿದ್ದಳು. ನಾನು ನಿಂತೇ ಇದ್ದೆ. ಮೂರನೇ ಸಲ ಹೇಗೋ ಎದ್ದಳು. ಲಂಗದ ತುಂಬ ಸುಣ್ಣ.

ಸಂಜೆ ಅಪ್ಪ ಕೇಳಿದಾಗ, "ನಾನೇ ಬೇಡ ಅಂದೆ ಅಪ್ಪಾ. ಒಬ್ಬಳೇ ಎದ್ದೆ" ಅಂದಳು. ಅಪ್ಪನಿಗೆ ಸಂತೋಷವಾಯಿತು. ಆಮೇಲೆ ಅವಳು ಎಂದೂ ನನ್ನ ಕೈ ಹಿಡಿಯಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವಾಗ ನಾನು ಕೈ ಚಾಚಿದರೂ ಕಂಬಿಯನ್ನೇ ಹಿಡಿಯುತ್ತಿದ್ದಳು. ಹೋದ ವರ್ಷ ತೀರಿಕೊಂಡಳು.

ಈಗ ನಿಮ್ಮ ಚರ್ಚಿನ ಸುರುಳಿ ದಾರಿ ಇಟ್ಟಿಗೆಯದು, ಗಾಲಿಕುರ್ಚಿ ಹೋಗುವಷ್ಟು ಅಗಲವಾದದ್ದು. ನಿಮ್ಮ ಗೆಳತಿಯ ಕುರ್ಚಿ ತಳ್ಳಲು ನೀವಿಬ್ಬರೂ ನಾನು ತಾನು ಎಂದು ಜಗಳವಾಡುತ್ತೀರಿ. ಯಾರು ಕೇಳಿದರೂ "ನಮ್ಮ ಫ್ರೆಂಡು" ಅನ್ನುತ್ತೀರಿ. ನನಗೆ ಅಷ್ಟು ಹೇಳಲು ಬಾಯಿ ಬರಲಿಲ್ಲ.

ಮೊನ್ನೆ ಆ ದಾರಿಯಲ್ಲಿ ಎಲ್ಲರೂ ಮೌನವಾಗಿದ್ದಾಗ ತಾತ ಯಾಕೆ ಮಾತಾಡಿದರು ಎಂದು ಕೇಳಿದಿರಿ. ಅಕ್ಕ ಬದುಕಿದ್ದಾಗ ಹೇಳಲಾಗದ್ದನ್ನು ನಡುವೆ ನಿಂತು ಹೇಳಿದೆ, ಅಷ್ಟೆ.

"ನೀನು ನನ್ನ ಅಕ್ಕಾನೇ ಕಣೆ. ತಪ್ಪಾಯ್ತು. ಕ್ಷಮಿಸ್ಬಿಡು."