ಬೇಲಿ ಪಕ್ಕದ ಬೋರು

ಅಡಿವೆಯ್ಯನವರು ಅಂಬಿಕಾನಗರದ ವಿದ್ಯುತ್ ನಿಗಮದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಮದುವೆ, ಮಗಳ ಬಾಣಂತನ ಎಲ್ಲ ಕ್ವಾರ್ಟರ್ಸಿನಲ್ಲೇ ಆಗಿಹೋಗಿದ್ದವು. ನಿವೃತ್ತಿ ಹತ್ತಿರ ಬಂದಾಗ ಹೆಂಡತಿ ಶಿವಗಂಗಾ, "ನಾಕು ಬದನಿ ಗಿಡಾ ಹಚ್ಚಾಕ ನಮ್ಮದಂತ ಒಂದೀಟು ಮಣ್ಣು ಬೇಕ್ರಿ" ಎಂದಳು. ಸಾಂಬ್ರಾಣಿ ಎಂಬ ಊರಿನ ಹೊರಗೆ ಒಂದು ತುಂಡು ಬಯಲು ಕೊಂಡರು. ಕಂಟಿ, ಹುತ್ತ, ಕಲ್ಲು ಬಿಟ್ಟರೆ ಅಲ್ಲಿ ಮತ್ತೇನೂ ಇರಲಿಲ್ಲ.

ಬೇಲಿಯ ಆಚೆ ಒಂದೇ ಮನೆ. ಅದು ಸಿದ್ದಿಯರ ಅಗ್ನೆಸ್‌ಬಾಯಿಯದು. ಗಂಡ ಇನಾಸ ತೀರಿಹೋಗಿದ್ದ. ಅವನು ತೋಡಿದ ಬಾವಿ ಮನೆ ಮುಂದೆಯೇ ಇತ್ತು, ಮೇ ತಿಂಗಳಲ್ಲೂ ಬತ್ತಿದ್ದಿಲ್ಲ. ಕಂಟಿ ಕಡಿಯಲು ಬಂದ ಆಳುಗಳಿಗೆಲ್ಲ ಕುಡಿಯುವ ನೀರು ಅಲ್ಲಿಂದಲೇ. ಬಿಸಿಲೇರಿದಾಗ ಅಡಿವೆಯ್ಯ ಅವಳ ಜಗುಲಿಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು.

ಮನೆಗೆ ಪಾಯಾ ತೆಗೆಯುವ ಮೊದಲು ನೀರು ಬೇಕೆಂದ ಗೌಂಡಿ. ನೀರು ನೋಡುವ ಸುಭಾಸ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಸುತ್ತಾಡಿ, ಬೇಲಿಯ ಪಕ್ಕ, ಅಗ್ನೆಸ್‌ಬಾಯಿಯ ಬಾವಿಗೆ ಎದುರಾಗಿ ನಿಂತು, ಬೋರಿಗೆ ಇದೇ ಪಾಯಿಂಟು ಎಂದ. ಅಂದು ಸಂಜೆ ಅವಳು ಬೇಲಿಗೆ ಬಂದಳು.

"ಅಯ್ಯನವರ, ಇಲ್ಲಿ ಬ್ಯಾಡ್ರಿ. ಆ ಮೂಲ್ಯಾಗ ಹೊಡಸ್ರಿ. ನನಗ ಇದೊಂದ ಬಾವಿ."

"ಆತು ಬಾಯಿ, ಅಲ್ಲೇ ಹೊಡಸ್ತೇನಿ" ಎಂದರು ಅಡಿವೆಯ್ಯ. ಮನಸ್ಸಿನಿಂದಲೇ ಹೇಳಿದ್ದರು.

ಬೋರಿನ ಲಾರಿ ಬಂದದ್ದು ಭಾನುವಾರ. ಅಗ್ನೆಸ್‌ಬಾಯಿ ಚರ್ಚಿಗೆ ಹೋಗಿದ್ದಳು. ಲಾರಿಯವನು ಮೂಲೆಯ ಹಸಿ ನೆಲವನ್ನು ತುಳಿದು ನೋಡಿದ.

"ಅಲ್ಲಿ ಗಾಡಿ ಹುಗೀತೈತ್ರಿ. ಪಾಯಿಂಟೂ ಇಲ್ಲೇ ಐತಿ. ಲಗೂನ ಹೇಳ್ರಿ, ನಮಗ ಮುಂದ ಹೋಗೂದೈತಿ."

ನೆಲ ಒಣಗಿದ ಮೇಲೆ ಬಾ ಎನ್ನಬಹುದಿತ್ತು. ಅಡಿವೆಯ್ಯ ಬೀಗ ಹಾಕಿದ ಅವಳ ಬಾಗಿಲ ಕಡೆ ಒಮ್ಮೆ ನೋಡಿ, "ಹೊಡೀರಿ" ಎಂದರು.

ಮಧ್ಯಾಹ್ನಕ್ಕೆ ನೀರು ಚಿಮ್ಮಿತು. ಶಿವಗಂಗಾ ಕುಂಕುಮ ಏರಿಸಿದಳು. ಆಳುಗಳು ತೊಯ್ದು ನಕ್ಕರು. ಅಗ್ನೆಸ್‌ಬಾಯಿ ಬಂದಾಗ ಅವಳು ಒಣಹಾಕಿದ್ದ ಬಟ್ಟೆಗಳ ಮೇಲೆಲ್ಲ ಕಲ್ಲಿನ ಬಿಳಿ ಪುಡಿ ಕೂತಿತ್ತು. ಅವಳು ಒಂದೊಂದಾಗಿ ಝಾಡಿಸಿ ಒಳಗೊಯ್ದಳು. "ನೀರು ಬಿದ್ದೂವಲ್ರಿ, ಚಲೋ ಆತು" ಎಂದಳು, ಅಷ್ಟೇ.

ಪಾಯಾ ಮುಗಿದು ಗೋಡೆ ಸೊಂಟದೆತ್ತರ ಬರುವ ಹೊತ್ತಿಗೆ, ಹೋಳಿ ಹುಣ್ಣಿಮೆಯ ಸುಮಾರಿಗೆ, ಅವಳ ಬಾವಿಯಲ್ಲಿ ರಾಡಿ ಉಳಿಯಿತು. ಕೊಡ ಹೊತ್ತು ಊರಿನ ಕೈಪಂಪಿಗೆ ನಡೆಯತೊಡಗಿದಳು.

"ಬ್ಯಾಸಗ್ಯಾಗ ಎಲ್ಲಾರ ಬಾವೀನೂ ಇಳೀತಾವ್ರಿ" ಎಂದಳು ಶಿವಗಂಗಾ. ಗೋಡೆಗೆ ನೀರು ಹೊಡೆಯುವ ಪೈಪು ಕೈಯಲ್ಲಿದ್ದಾಗ ಅಗ್ನೆಸ್‌ಬಾಯಿ ಖಾಲಿ ಕೊಡದೊಂದಿಗೆ ಹೊರಟರೆ, ಅಡಿವೆಯ್ಯ ಮೋಟಾರು ಬಂದ್ ಮಾಡಿ ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಗೋಡೆಯ ಹಿಂದೆ ನಿಲ್ಲುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಅವಳ ಅಂಗಳಕ್ಕೆ ಪೈಪು ಎಳೆದು ನಳ ಕೂಡಿಸಲು ಹೋದರು.

"ಬ್ಯಾಡ್ರಿ ಅಯ್ಯನವರ. ನೀವು ಚಾಲೂ ಮಾಡಿದಾಗ ನಾ ತುಂಬ್ಕೋಬೇಕು. ನಿಮ್ಮ ಮಾರಿ ನೋಡ್ಕೋತ ಕುಂಡ್ರೂದು ನನ್ನ ಕಡಿಂದ ಆಗೂದಿಲ್ಲ."

ಅಡಿವೆಯ್ಯ ಪೈಪು ಕೆಳಗಿಟ್ಟರು. "ನೀವು ಇಲ್ಲದಾಗ ಹೊಡಸಿದ್ನಿ ಬಾಯಿ. ಬಾವಿಗೆ ತ್ರಾಸ ಅಕ್ಕೈತಿ ಅನ್ನೂದು ಗೊತ್ತಿತ್ತು."

"ಗೊತ್ತೈತ್ರಿ. ನಾ ಬರೂತನಾ ತಡದಿದ್ರ ಜಗಳಾ ಆಡ್ತಿದ್ನಿ. ಅದಕ್ಕೂ ಬಿಡಲಿಲ್ಲ ನೀವು."

ಅಡಿವೆಯ್ಯ ಎರಡು ದಿನ ಮನೆ ಕೆಲಸದ ಕಡೆ ಬರಲಿಲ್ಲ. ಮೂರನೆಯ ದಿನ ವಾಯರು ತಂದು, ಬೋರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ತಮ್ಮ ಶೆಡ್ಡಿನಿಂದ ಬಿಚ್ಚಿ, ಅವಳ ಒಪ್ಪಿಗೆ ಕೇಳಿ, ಅವಳ ಜಗುಲಿಯ ಗೋಡೆಗೆ ಕೂಡಿಸಿದರು; ಅಂಗಳಕ್ಕೆ ನಳವನ್ನೂ ಎಳೆದರು. ಮೋಟಾರು ಇನ್ನು ಅವಳು ಒತ್ತಿದರೆ ಮಾತ್ರ ಚಾಲೂ. ಶಿವಗಂಗಾ ಸಿಟ್ಟಿನಿಂದ ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ. ಅಗ್ನೆಸ್‌ಬಾಯಿ ಮಾತ್ರ ಪೆಟ್ಟಿಗೆಯ ಹತ್ತಿರ ಬಂದು ಹಸಿರು ಗುಂಡಿ ಒತ್ತಿದಳು.

ಈಗ ಮನೆ ಆಗಿದೆ. ಬದನೆ ಗಿಡಗಳೂ ಕಾಯಿ ಬಿಟ್ಟಿವೆ. ಅಗ್ನೆಸ್‌ಬಾಯಿ ದಿನಾ ತನ್ನ ಕೊಡಗಳನ್ನು ತುಂಬಿಕೊಂಡ ಮೇಲೆ ಇವರ ಟಾಕಿಗೆ ನೀರು ಬಿಡುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ. ಮಳೆಗಾಲದಲ್ಲಿ ಬಾವಿಗೆ ನೀರು ಬಂದಿತ್ತು, ಸಂಕ್ರಾಂತಿಗೆ ಮತ್ತೆ ಇಳಿಯಿತು. ಆಗಾಗ ಅವಳು ಕಟ್ಟೆಯ ಮೇಲೆ ಬಾಗಿ ಕೆಳಗೆ ನೋಡುತ್ತಾಳೆ. ಆ ಹೊತ್ತಿಗೆ ಅಡಿವೆಯ್ಯನವರು ಪಡಸಾಲೆಯಲ್ಲಿದ್ದರೆ ಎದ್ದು ಒಳಗೆ ಹೋಗುತ್ತಾರೆ.