ಉಪ್ಪಿನ ಕೋಟೆಯ ಏಳನೇ ಭಾಗ

ನಾಲ್ಕು ಸಾವಿರ ಹೇಳಿದ ಪುಸ್ತಕದ ಸೆಟ್ಟನ್ನು ಎರಡು ಸಾವಿರದ ಎಂಟುನೂರಕ್ಕೆ ಇಳಿಸಿ ತಂದೆ. ಪುತ್ತೂರಿನ ದರ್ಬೆಯ ಸಭಾಭವನದಲ್ಲಿ ಪುಸ್ತಕ ಪ್ರದರ್ಶನ. ಇಂಥದ್ದಕ್ಕೆ ಕೊನೆಯ ದಿನ, ಅದೂ ಮಧ್ಯಾಹ್ನದ ಮೇಲೆಯೇ ಹೋಗಬೇಕು. ಉಳಿದ ಮಾಲನ್ನು ಪುನಃ ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಲಾರಿಗೆ ಹೇರುವುದು ಯಾವ ಅಂಗಡಿಯವನಿಗೂ ಬೇಡ. ಪಾತ್ರೆ ಅಂಗಡಿ ನಡೆಸುವವಳು ನಾನು, ಇದು ನನಗೆ ಗೊತ್ತು. ಮೈದುನನ ಮಗಳು ಶ್ರೇಯಾ ಯಾವುದೋ ಮಾಯಾಲೋಕದ ಕಾದಂಬರಿ ಮುಗಿಸಿ, ಮುಂದೆ ಯಾವುದು ಎಂದು ತಿಳಿಯದೆ ವಾರವಿಡೀ ಮನೆಯಲ್ಲಿ ಮುಖ ಊದಿಸಿಕೊಂಡಿದ್ದಳು. ಪ್ರದರ್ಶನದಲ್ಲಿ ಅವಳು ಒಂದು ಕೈಯಲ್ಲಿ ತೆಳ್ಳಗಿನ ಪುಸ್ತಕ ಹಿಡಿದು, ಇನ್ನೊಂದು ಕೈಯನ್ನು ಐದು ಭಾಗಗಳ ದಪ್ಪ ಸೆಟ್ಟಿನ ಮೇಲಿಟ್ಟು, “ದೊಡ್ಡಮ್ಮ, ಇದಾದ್ರೆ ಬೇಗ ಮುಗೀತದೆ. ಅದು ಐದುಂಟು. ಯಾವುದು?” ಎಂದು ಕೇಳಿದಳು. ಅದೇ ಹೊತ್ತಿಗೆ ಅಂಗಡಿಯವರು ಹೊರಗೆ ಮಾಡಿನ ಕೆಳಗೆ ಹೋಗಿ ಒಂದು ಬೀಡಿ ಹಚ್ಚಿದರು. ಹೊಗೆ ಒಳಗೆ ಬಂತು. ಹೊಸ ಪುಸ್ತಕದ ಅಂಟಿನ ವಾಸನೆಯೂ ಬೀಡಿಯ ವಾಸನೆಯೂ ಒಟ್ಟಾದ ಆ ಒಂದು ಉಸಿರಿಗೆ ನಾನು ಚೌಕಾಸಿಯನ್ನೇ ಅರ್ಧಕ್ಕೆ ನಿಲ್ಲಿಸಿದೆ. ಇಲ್ಲದಿದ್ದರೆ ಎರಡೂವರೆ ಸಾವಿರಕ್ಕೆ ಇಳಿಸುತ್ತಿದ್ದೆ.

ಆ ವಾಸನೆ ನಮ್ಮ ಮನೆಯದು. ದರ್ಬೆಯ ಮುಖ್ಯರಸ್ತೆಯ ಹಿಂದೆ, ಈಗ ಸ್ಕೂಟರ್ ಶೋರೂಮು ಇರುವಲ್ಲಿ, ಹಂಚಿನ ಬಾಡಿಗೆ ಮನೆಗಳ ಒಂದು ಸಾಲಿತ್ತು. ಅದರಲ್ಲಿ ನಮ್ಮದು ಕೊನೆಯದು. ಅಜ್ಜಿ, ಅಮ್ಮ, ಸುಂದರಿ ಚಿಕ್ಕಮ್ಮ ಮತ್ತು ನಾನು. ಅಮ್ಮ ಬೆಳಗ್ಗೆ ಗೇರುಬೀಜದ ಫ್ಯಾಕ್ಟರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಗಲಿಡೀ ಜಗಲಿ ಬೀಡಿಯದು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಗೆರಸೆಯಲ್ಲಿ ಹರಡಿದ ಹೊಗೆಸೊಪ್ಪು, ನೂಲಿನ ಉಂಡೆ, ಅಳತೆಯ ತಗಡು ಇಟ್ಟು ಎಲೆ ಕತ್ತರಿಸುವ ಕತ್ತರಿಯ ಕಿರ್ ಕಿರ್ ಸದ್ದು. ಪಕ್ಕದ ಮನೆಯ ಐಸಮ್ಮನೂ ತಮ್ಮ ಗೆರಸೆ ಎತ್ತಿಕೊಂಡು ನಮ್ಮ ಜಗಲಿಗೇ ಬರುತ್ತಿದ್ದರು. ಅವರ ಗಂಡ ಗಲ್ಫಿನಲ್ಲಿದ್ದರು, ಹಣ ಬರುತ್ತಿತ್ತು. ಆದರೂ ಬೀಡಿ ಯಾಕೆ ಕಟ್ಟುತ್ತೀರಿ ಎಂದು ಯಾರಾದರೂ ಕೇಳಿದರೆ, “ಅದು ಅವರ ದುಡ್ಡು, ಇದು ನನ್ನ ದುಡ್ಡು. ಕಥೆ ಮಾತ್ರ ಎಲ್ಲರದ್ದು” ಎನ್ನುತ್ತಿದ್ದರು. ಆ ಜಗಲಿಯಲ್ಲಿ ಮಾತು ತುಳು, ಓದು ಕನ್ನಡ, ಐಸಮ್ಮನಿಗೆ ಸಿಟ್ಟು ಬಂದರೆ ಅವರ ಮನೆಮಾತು ಬ್ಯಾರಿ.

ಓದು ನನ್ನ ಕೆಲಸ. ನಮ್ಮ ಜಗಲಿಯ ಕ್ರಮ ಹೀಗಿತ್ತು: ಓದುವವಳ ಪಾಲಿನ ಬೀಡಿಯನ್ನು ಕೇಳುವವರು ಕಟ್ಟಿಕೊಡಬೇಕು. ಶಾಲೆಯಿಂದ ಬಂದು ಚಹಾ ಕುಡಿದು ನಾನು ಗೋಡೆಗೆ ಬೆನ್ನು ಕೊಟ್ಟು ಕೂತರೆ, ನನ್ನ ಎಲೆಗಳು ಮೂರು ಗೆರಸೆಗೆ ಹಂಚಿಹೋಗುತ್ತಿದ್ದವು. ಹಾಗಾಗಿ ಯಾವ ಪುಸ್ತಕ ಓದಬೇಕೆನ್ನುವುದು ನಮ್ಮಲ್ಲಿ ಬರೀ ಖುಷಿಯ ಮಾತಲ್ಲ, ದುಡಿಮೆಯ ಮಾತು. ಬೇಸರದ ಪುಸ್ತಕವಾದರೆ ಕೈ ತೂಕಡಿಸುತ್ತದೆ. ಭಾರೀ ಕುತೂಹಲದ್ದಾದರೆ ಕೈ ನಿಂತೇ ಹೋಗುತ್ತದೆ. ಅಜ್ಜಿಗೆ ಬೇಕಾದದ್ದು ಕೈಯನ್ನು ಓಡಿಸುವ ಕಥೆ. ಮನೆ, ಅತ್ತೆ, ಸೊಸೆ, ಕಣ್ಣೀರಿನ ಕಾದಂಬರಿಯನ್ನು ಅವರು ಮೊದಲೇ ದೂರ ಇಟ್ಟಿದ್ದರು. “ಅದು ಇಲ್ಲಿಯೇ ಉಂಟಲ್ಲ, ಪುಸ್ತಕ ಬೇರೆ ಎಂತಕ್ಕೆ? ರೆಕ್ಕೆ ಇರುವ ಕುದುರೆ ಉಂಟಾ ನೋಡು” ಎನ್ನುತ್ತಿದ್ದರು. ಮಂತ್ರವಾದಿ, ಮುಳುಗಿದ ರಾಜ್ಯ, ಮಾತಾಡುವ ಖಡ್ಗ, ಇವೇ ನಮಗೆ ಆಗಿಬರುತ್ತಿದ್ದವು. ಬಸ್‌ಸ್ಟ್ಯಾಂಡಿನ ಬಳಿಯ ಬಾಡಿಗೆ ಲೈಬ್ರರಿಯಿಂದ ನಾನು ಎರಡು ಪುಸ್ತಕ ತಂದು ಒಂದೊಂದರ ಮೊದಲ ಅಧ್ಯಾಯ ಓದಬೇಕು. ಅಜ್ಜಿ ಕಥೆಯ ಜೊತೆಗೆ ಎಲ್ಲರ ಬೆರಳುಗಳನ್ನೂ ನೋಡಿ ತೀರ್ಪು ಕೊಡುತ್ತಿದ್ದರು.

ಒಮ್ಮೆ ಮಾತ್ರ ಅವರ ಅಂದಾಜು ತಪ್ಪಿತು. ಕಡಲಿನೊಳಗೆ ಊರಿಗೆ ಊರೇ ಇಳಿದು ಹೋಗುವ ಒಂದು ಅಧ್ಯಾಯ. ಬೆರಳುಗಳೇನೋ ಓಡುತ್ತಲೇ ಇದ್ದವು, ಹೊಗೆಸೊಪ್ಪು ತುಂಬಿಸುವ ಜ್ಞಾನ ಮಾತ್ರ ಯಾರಿಗೂ ಇರಲಿಲ್ಲ. ಮರುದಿನ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ, ಕಟ್ಟಿದ ಬೀಡಿ ನೋಡಿ ತೆಗೆದುಕೊಳ್ಳುವವರು ಒಂದು ಕಟ್ಟನ್ನು ಒತ್ತಿದರು, ಅದು ಮೆತ್ತಗೆ ಒಳಗೆ ಹೋಯಿತು. ಇನ್ನೊಂದೂ ಹಾಗೆಯೇ. “ಇದೆಂತ ಮಾರಾಯ್ತಿ, ಗಾಳಿ ತುಂಬಿಸಿ ತಂದದ್ದಾ?” ಎಂದರಂತೆ. ಐಸಮ್ಮ ಬಿಡುವವರಲ್ಲ. “ಗಾಳಿ ಅಲ್ಲ, ಸಮುದ್ರ. ನಿಮಗೆ ಗೊತ್ತಾಗ್ಲಿಕ್ಕಿಲ್ಲ” ಎಂದು ಹೇಳಿ ಬಂದರು. ಆ ಕಟ್ಟುಗಳೆಲ್ಲ ವಾಪಸಾದವು. ಬಿಚ್ಚಿ ಪುನಃ ಕಟ್ಟುವಾಗ ಮೂವರೂ ನಕ್ಕ ನಗು ರಸ್ತೆಯವರೆಗೆ ಕೇಳಿತ್ತು.

ಸುಂದರಿ ಚಿಕ್ಕಮ್ಮನ ಮದುವೆ ನಿಶ್ಚಯವಾದದ್ದು ಒಂದು ದೊಡ್ಡ ಕಥೆ ಮುಗಿದು ಇನ್ನೊಂದು ಆರಿಸಬೇಕಾದ ಹೊತ್ತಿನಲ್ಲಿ. ಗಂಡಿನ ಮನೆ ನೆಟ್ಟಣ, ರೈಲ್ವೇ ಸ್ಟೇಷನ್ನಿನ ಹತ್ತಿರ ಅವರದೊಂದು ಹೋಟೆಲು. ಬೆಳಗಿನ ರೈಲಿನಿಂದ ರಾತ್ರಿಯ ರೈಲಿನವರೆಗೆ ಒಲೆ ಆರುವುದಿಲ್ಲ. ಅಂಥ ಮನೆಯಿಂದ ಸೊಸೆಯನ್ನು ತವರಿಗೆ ಕಳಿಸುವುದು ಅಷ್ಟರಲ್ಲೇ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಎಂದಿನಂತೆ ಎರಡು ತಂದೆ. ಒಂದು ತೆಳ್ಳಗಿನದು, ಮಾತಾಡುವ ಬಾವಿಯೊಳಗೆ ಇಳಿದ ಕಳ್ಳನ ಕಥೆ. ಇನ್ನೊಂದು ಉಪ್ಪಿನ ಕೋಟೆಯ ಮಾಲೆಯ ಮೊದಲನೇ ಭಾಗ. ಒಟ್ಟು ಏಳು ಭಾಗ, ಒಂದೊಂದೂ ತಲೆದಿಂಬಿನಷ್ಟು ದಪ್ಪ. ಉಪ್ಪಿನಿಂದಲೇ ಕಟ್ಟಿದ ಒಂದು ರಾಜ್ಯ, ಅಲ್ಲಿ ಮಳೆಗೆ ಪ್ರವೇಶವಿಲ್ಲ. ಅಂಥಲ್ಲಿ ಅಂಗೈಯಲ್ಲಿ ಮಳೆ ಇಟ್ಟುಕೊಂಡು ಹುಟ್ಟಿದ ಒಬ್ಬ ಹುಡುಗಿ.

“ಉಪ್ಪಿನ ಕೋಟೆಯಾ? ಪುತ್ತೂರಲ್ಲಿ ಕಟ್ಟಿದ್ರೆ ಒಂದು ಜೂನ್ ತಡೀಲಿಕ್ಕಿಲ್ಲ” ಎಂದು ಅಜ್ಜಿ ನಕ್ಕು, ತೆಳ್ಳಗಿನದನ್ನು ನನ್ನ ಕಡೆಗೆ ದೂಡಿದರು. “ಇದು ಸಾಕು ಮಗಾ. ಅವಳು ಹೋಗುವ ಮೊದಲು ಮುಗೀಲಿ.”

ಚಿಕ್ಕಮ್ಮ ಎಲೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ನನಗೆ ಉಪ್ಪಿನದ್ದೇ ಆಗ್ಬೇಕು.”

“ಮದುವೆಯಾಗಿ ಹೋಗುವವಳು ಅರ್ಧ ಕಥೆ ಕೇಳಿ ಹೋದ್ರೆ ಎಂತ ಆಗ್ತದೆ ಗೊತ್ತುಂಟಾ? ಮನಸ್ಸು ಇಲ್ಲೇ ಬಾಕಿ ಆಗ್ತದೆ.”

“ಬಾಕಿ ಆಗ್ಲಿ ಅಂತಲೇ ಹೇಳಿದ್ದು ಅಮ್ಮ.”

ಕತ್ತರಿ ನಿಂತಿತು. ಐಸಮ್ಮ ಅಜ್ಜಿಯ ಮುಖ ನೋಡಿದರು, ಅಜ್ಜಿ ರಸ್ತೆ ನೋಡಿದರು. ಆಮೇಲೆ ಐಸಮ್ಮ ತಮ್ಮ ಗೆರಸೆಯನ್ನು ಮಡಿಲಿಗೆ ಎಳೆದುಕೊಂಡು, “ಓದು ಮೋಳೆ, ಉಪ್ಪಿನದ್ದೇ ಓದು” ಎಂದರು. ಮಗಳನ್ನು ಹಾಗೆ ಕರೆಯುವುದು ಅವರ ಮಾತಿನಲ್ಲಿ.

ನಿಶ್ಚಿತಾರ್ಥದ ದಿನ ಗಂಡಿನ ಸೋದರಮಾವ ದೊಡ್ಡ ಗಂಟಲಿನಲ್ಲಿ, ಹುಡುಗಿಯ ಕಡೆಯಿಂದ ಏನಾದರೂ ಹೇಳುವುದು ಉಂಟಾ ಎಂದು ಶಾಸ್ತ್ರಕ್ಕೆ ಕೇಳಿದರು. ಇಲ್ಲ ಎನ್ನುವುದು ಪದ್ಧತಿ. ಚಿಕ್ಕಮ್ಮ ಒಳಗಿನ ಬಾಗಿಲಲ್ಲಿ ನಿಂತೇ, “ಒಂದುಂಟು” ಎಂದುಬಿಟ್ಟಳು. “ನಾವು ಇಲ್ಲಿ ಒಂದು ಕಥೆ ಓದ್ತಾ ಇದ್ದೇವೆ. ಅದರ ಹೊಸ ಭಾಗ ಸುರು ಮಾಡುವಾಗ ನನ್ನನ್ನು ಕಳಿಸಿ ಕೊಡ್ಬೇಕು.” ಜಗಲಿಯಲ್ಲಿದ್ದ ಗಂಡಸರೆಲ್ಲ ನಕ್ಕರು. ಸೋದರಮಾವನಂತೂ ತೊಡೆ ತಟ್ಟಿಕೊಂಡರು. “ಕಥೆಗಾ? ಧಾರಾಳ! ಚಿನ್ನ ಕೇಳಿದ್ರೆ ನಮಗೆ ಕಷ್ಟ ಇತ್ತು ಮಾರಾಯ್ರೆ.” ಎಲ್ಲರೆದುರು ಮಾತು ಕೊಟ್ಟಾಯಿತು. ಎಷ್ಟು ಭಾಗ ಉಂಟೆಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಆಮೇಲೆ ನಾನು ಎಷ್ಟೋ ವ್ಯಾಪಾರ ಕುದುರಿಸಿದ್ದೇನೆ, ಮಂಗಳೂರಿನ ಹೋಲ್‌ಸೇಲಿನವರನ್ನೂ ಬೆವರಿಳಿಸಿದ್ದೇನೆ. ಆದರೆ ಕೊಡುವವನಿಗೆ ಹಗುರ, ಪಡೆಯುವವರಿಗೆ ತೂಕದ್ದಾಗಿರುವುದನ್ನು ಕೇಳಿ ತೆಗೆದುಕೊಳ್ಳುವ ವಿದ್ಯೆಯನ್ನು ನಾನು ಕಲಿತದ್ದು ಆ ಬಾಗಿಲಲ್ಲಿ ನಿಂತ ಚಿಕ್ಕಮ್ಮನಿಂದ.

ನನ್ನ ಮೊದಲ ವ್ಯಾಪಾರವೂ ಅದೇ ಮಾಲೆಯದ್ದು. ಲೈಬ್ರರಿಯ ಭಟ್ಟರಿಗೆ ಒಂದು ಪುಸ್ತಕವನ್ನು ತಿಂಗಳುಗಟ್ಟಲೆ ಕಾದಿರಿಸುವುದು ಒಪ್ಪಿಗೆ ಇರಲಿಲ್ಲ. ಅವರಲ್ಲಿ ಬೆನ್ನು ಹರಿದ ಪುಸ್ತಕಗಳ ದೊಡ್ಡ ರಾಶಿಯೇ ಇತ್ತು. ನಮ್ಮಲ್ಲಿ ಬೀಡಿಯ ನೂಲು, ಮೈದಾ ಅಂಟು ಮತ್ತು ಬೆರಳುಗಳು. ನಾನು ಹೊಲಿದು ಕೊಡುವುದು, ಅವರು ಉಪ್ಪಿನ ಕೋಟೆಯ ಮುಂದಿನ ಭಾಗವನ್ನು ಮೇಜಿನ ಕೆಳಗಿನ ಕಪಾಟಿನಲ್ಲಿ ನಮಗಾಗಿ ಇಡುವುದು ಎಂದಾಯಿತು. “ನೀನು ನಾಳೆ ನನ್ನ ಅಂಗಡಿಯನ್ನೇ ಮಾರ್ತಿ” ಎಂದು ಬೈಯುತ್ತಲೇ ಒಪ್ಪಿದರು.

ಮದುವೆಯ ಒಳಗೆ ಮೂರು ಭಾಗ ಮುಗಿಯಿತು. ನಾಲ್ಕನೆಯದು ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಹೊಸ ಮದುಮಗಳು ತವರಿಗೆ ಬಂದು ಕೂರುವ ಕ್ರಮವಿದೆಯಲ್ಲ, ಆಗ. ಐದನೆಯದು ಅವಳು ಹೆರಿಗೆಗೆ ಬಂದಾಗ. ಆರನೆಯದಕ್ಕೆ ಯಾವ ಕ್ರಮದ ಆಸರೆಯೂ ಇರಲಿಲ್ಲ. ಅವಳ ಅತ್ತೆ, “ಎಂತಕ್ಕೆ ಹೋಗುದು ಈಗ?” ಎಂದು ಕೇಳಿದರೆ, ಸೋದರಮಾವನೇ ತಲೆ ಕೆರೆದುಕೊಂಡು, “ಎಲ್ಲರೆದುರು ಹೇಳಿದ್ದೇನೆ ಅಕ್ಕ, ಕಳಿಸುವ” ಎಂದರಂತೆ. ಬಂದವಳು ಬಸ್ಸಿನಿಂದ ಇಳಿದು ಕಾಲು ತೊಳೆಯುವ ಮೊದಲೇ ಗೆರಸೆ ಎಳೆದುಕೊಳ್ಳುತ್ತಿದ್ದಳು, ಮಗುವನ್ನು ಐಸಮ್ಮ ಎತ್ತಿಕೊಳ್ಳುತ್ತಿದ್ದರು. ಅವಳಿಲ್ಲದ ದಿನಗಳಲ್ಲಿ ನಾವು ಬೇರೆ ಸಣ್ಣಪುಟ್ಟ ಕಥೆ ಓದಿದೆವು. ಉಪ್ಪಿನ ಕೋಟೆಯ ಒಂದು ಪುಟವೂ ಮುಂದೆ ಹೋಗಲಿಲ್ಲ. ನಾನೂ ಇಣುಕಲಿಲ್ಲ. ಭಟ್ಟರ ಕಪಾಟಿನ ಪಕ್ಕದಲ್ಲೇ ಕೂತು ಪುಸ್ತಕ ಹೊಲಿದವಳು ನಾನು, ಆದರೂ ಇಣುಕಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಏಳನೆಯ ಭಾಗ ತಂದಾಗ ಅಜ್ಜಿ ಮಂಚ ಹಿಡಿದಿದ್ದರು. ಬೆರಳುಗಳು ಹೊದಿಕೆಯ ಅಂಚನ್ನೇ ಸುರುಟುತ್ತಿದ್ದವು. ಚಿಕ್ಕಮ್ಮ ಮಗುವನ್ನು ಕಟ್ಟಿಕೊಂಡು ನೆಟ್ಟಣದಿಂದ ಬಂದಿದ್ದಳು. ನಾವು ಗೆರಸೆಗಳನ್ನು ಮಂಚದ ಹತ್ತಿರವೇ ಇಟ್ಟು ಕೂತೆವು. ನಾನು ಪುಸ್ತಕ ಬಿಡಿಸಿದೆ.

“ಅದನ್ನು ತೆಗಿಬೇಡ” ಎಂದರು ಅಜ್ಜಿ.

“ಯಾಕಮ್ಮ? ಆ ಹುಡುಗಿಗೆ ಕಡೆಗೆ ಎಂತ ಆಯ್ತು ಅಂತ ಗೊತ್ತಾಗುದು ಬೇಡ್ವಾ ನಿಮಗೆ?” ಎಂದು ಕೇಳಿದಳು ಚಿಕ್ಕಮ್ಮ.

“ಗೊತ್ತಾದ ಮೇಲೆ ನೀನು ಎಂತ ಹೇಳಿಕೊಂಡು ಬರ್ತಿ?”

ಐಸಮ್ಮ ಮೂಗು ಒರೆಸಿಕೊಂಡು, ಹೊಗೆಸೊಪ್ಪಿನ ಧೂಳು ಎಂದು ಯಾರನ್ನೋ ಬೈದರು. ನಾನು ಓಡಿಹೋಗಿ ಭಟ್ಟರಿಂದ ಮೊದಲನೇ ಭಾಗವನ್ನೇ ಪುನಃ ತಂದೆ. ಅಜ್ಜಿ ಅದನ್ನು ಹೊಸದೆಂಬಂತೆ ಕೇಳಿದರು. ಪ್ರತಿ ಅಧ್ಯಾಯಕ್ಕೆ ಮೊದಲು ಮುಂದೇನಾಗುತ್ತದೆಂದು ತಾವೇ ಹೇಳಿ, ಸರಿಯಾದಾಗ ಗೆದ್ದವರ ಹಾಗೆ ನಮ್ಮನ್ನು ನೋಡುತ್ತಿದ್ದರು. ಚಿಕ್ಕಮ್ಮ ನೆಟ್ಟಣಕ್ಕೆ ಹೋದಳು, ಪುನಃ ಬಂದಳು, ಪುನಃ ಹೋದಳು. ಏಳನೆಯದು ಇನ್ನೂ ಬಾಕಿ ಉಂಟಲ್ಲ ಎಂದರೆ ಆ ಮನೆಯಲ್ಲಿ ಯಾರೂ ಎದುರು ಆಡುವಂತಿರಲಿಲ್ಲ. ಮಳೆಗಾಲದ ಮೊದಲು ಅಜ್ಜಿ ತೀರಿಕೊಂಡಾಗ ಚಿಕ್ಕಮ್ಮ ಪಕ್ಕದಲ್ಲೇ ಇದ್ದಳು. ಅಜ್ಜಿಗೆ ಬೇಕಾದದ್ದು ಸಿಕ್ಕಿತು ಎಂದು ನಾನು ಲೆಕ್ಕ ಹಾಕುತ್ತೇನೆ.

ಉತ್ತರಕ್ರಿಯೆ ಮುಗಿದ ಮರುದಿನದಿಂದ ನಾವು ಏಳನೆಯದನ್ನು ಓದಿದೆವು. ಕೋಟೆ ಕರಗಿತು, ಮಳೆ ಬಂತು, ಹುಡುಗಿ ರಾಣಿಯಾದಳು. “ಇಷ್ಟೇನಾ?” ಎಂದರು ಐಸಮ್ಮ. ಒಳ್ಳೆಯ ಅಂತ್ಯವೇ. ಆದರೆ ಆಮೇಲೆ ಚಿಕ್ಕಮ್ಮ ಬರುವುದು ಕಡಿಮೆಯಾಯಿತು. ಹೋಟೆಲು ಬೆಳೆಯಿತು, ಮಕ್ಕಳು ಶಾಲೆಗೆ ಸೇರಿದರು. ಐಸಮ್ಮ ಮಗನ ಮನೆಗೆಂದು ಈಶ್ವರಮಂಗಲಕ್ಕೆ ಹೋದರು. ಅಮ್ಮನೂ ನಾನೂ ಬೇರೆ ಮನೆ ಹಿಡಿದೆವು. ಬಾಡಿಗೆ ಮನೆಗಳ ಸಾಲನ್ನು ಕೆಡವುವಾಗ ನಾನು ನೋಡಲು ಹೋಗಿದ್ದೆ. ಜಗಲಿಯ ಗೋಡೆಯಲ್ಲಿ ನಾನು ಬೆನ್ನು ಕೊಟ್ಟು ಕೂರುತ್ತಿದ್ದ ಜಾಗ ಎಣ್ಣೆ ಹಿಡಿದು ಕಪ್ಪಾಗಿತ್ತು. ಕೂಲಿಯವನು ಅದನ್ನು ಒಂದೇ ಪೆಟ್ಟಿಗೆ ಬೀಳಿಸಿದ. ನಾಲ್ಕನೆಯ ಕ್ಲಾಸು ದಾಟದ ಮೂರು ಜನ ಹೆಂಗಸರು ಏಳು ದಪ್ಪ ಪುಸ್ತಕದ ರಾಜ್ಯವೊಂದನ್ನು ಬೆರಳು ನಿಲ್ಲಿಸದೆ ಕೇಳಿದ ಜಾಗ ಅದು. ಪುತ್ತೂರಿನಲ್ಲಿ ಅಂಥ ದೊಡ್ಡ ಮನೆತನ ಇನ್ನೊಂದಿತ್ತೆಂದು ನಾನು ಒಪ್ಪುವುದಿಲ್ಲ.

ಹಾಗಾಗಿ, ಮುಂದಿನದ್ದು ಯಾವುದು ಓದಲಿ ಎಂದು ಲೆಕ್ಕ ಹಾಕುತ್ತಾ ಕೂತವರಿಗೆ ನನ್ನ ಮಾತು ಇಷ್ಟು. ಹತ್ತು ಜನರ ಅಭಿಪ್ರಾಯ ನೋಡಬೇಡಿ, ಮೊದಲ ಅಧ್ಯಾಯವನ್ನು ಯಾರಿಗಾದರೂ ಗಟ್ಟಿಯಾಗಿ ಓದಿ, ಅವರ ಕೈ ನೋಡಿ. ತೆಳ್ಳಗಿನದೂ ದಪ್ಪದ್ದೂ ಎದುರಿಗಿದ್ದರೆ ದಪ್ಪದ್ದನ್ನೇ ತೆಗೆದುಕೊಳ್ಳಿ. ಸೆಟ್ಟು ಇಡಿಯಾಗಿ ಕೊಂಡರೆ ದರ ಇಳಿಯುತ್ತದೆ, ಬಿಡಿಬಿಡಿಯಾಗಿ ಕೊಂಡು ಮೋಸ ಹೋಗಬೇಡಿ. ಆದರೆ ಇಡೀ ಸೆಟ್ಟನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಮೊದಲ ಭಾಗ ಮಾತ್ರ ನಿಮ್ಮಲ್ಲಿರಲಿ. ಉಳಿದದ್ದನ್ನು, ನೋಡದೆ ಬಹಳ ಸಮಯವಾದವರು ಯಾರಾದರೂ ಇದ್ದರೆ ಅವರ ಮನೆಯಲ್ಲಿ ಇಟ್ಟು ಬನ್ನಿ. ಒಂದೊಂದು ಭಾಗ ಮುಗಿದ ಹಾಗೆ ಹೋಗಿ ಮುಂದಿನದ್ದನ್ನು ತನ್ನಿ. ಕೊರಿಯರ್ ಮಾಡ್ತೇನೆ ಎಂದು ಅವರು ಹೇಳುತ್ತಾರೆ, ಬೇಡ ಎನ್ನಿ. ಬಸ್ಸಿನಲ್ಲಿ ನೀವೇ ಹೋಗಿ.